ಗಾಳಿ ಕೆಳಗಿನವನ ಮೀನು

ಶಿರವಾಡ

ಕಾರವಾರಕ್ಕೆ ಹೋಗಿದ್ದೆ ಎಂದರೆ ನಮ್ಮೂರಿನವರೆಲ್ಲ ಕೇಳುವುದು ಒಂದೇ ಮಾತು: ಸಮುದ್ರ ನಮ್ಮ ದೊಡ್ಡಕೆರೆಯ ಎಷ್ಟರಷ್ಟು? ಮೂವತ್ತು ವರ್ಷ ಮೈಸೂರು ಸೀಮೆಯ ಕೆರೆಗಳ ಏರಿ ಸವೆಸಿ, ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಯಾವ ಹೊತ್ತು ನೀರು ಎಂದು ನ್ಯಾಯ ಹೇಳಿದವನು ನಾನು. ನನ್ನನ್ನು ಬಿಟ್ಟು ಇನ್ಯಾರನ್ನು ಕೇಳಬೇಕು, ಅದೂ ಸರಿಯೇ. ಆದರೆ ಅದಕ್ಕೆ ಏರಿ ಇಲ್ಲ, ತೂಬಿಲ್ಲ, ಕೋಡಿ ಇಲ್ಲ. ನೋಡಿದ ಮೊದಲ ದಿನ ನನಗೆ ಬಂದದ್ದು ಸಿಟ್ಟು. ಇಷ್ಟು ನೀರು ಇಟ್ಟುಕೊಂಡು ಒಂದು ಗುಂಟೆ ನೆಲ ನೆನೆಸಲಾರದಲ್ಲ!

ನಾನು ಹೋದದ್ದು ನಿದ್ದೆ ಹುಡುಕಿಕೊಂಡು. ಪೆನ್ಷನ್ ಆದ ವಾರದಿಂದಲೇ ನಿದ್ದೆ ನನ್ನನ್ನು ಬಿಟ್ಟುಹೋಗಿತ್ತು. ನಮ್ಮ ಪಂಡಿತರು ತಲೆಗೆ ಎಣ್ಣೆ ಹಚ್ಚಿಸಿದರು, ಗಸಗಸೆ ಪಾಯಸ ಕುಡಿಸಿದರು, ಕೊನೆಗೆ ಸೋತು, ಕಡಲ ಗಾಳಿ ಕುಡಿದು ಬಾ ಎಂದುಬಿಟ್ಟರು. ನನ್ನ ಷಡ್ಡಕ ಕಾರವಾರದ ಪಕ್ಕದ ಶಿರವಾಡದಲ್ಲಿ ಮನೆ ಮಾಡಿಕೊಂಡು ಜಂಗಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಹರಿಹರದ ಹೊಳೆ ದಾಟಿದರೆ ನಮ್ಮ ಮಹಾರಾಜರು ಮುಗಿದು ಬೊಂಬಾಯಿಯ ಸರಕಾರ ಶುರು. ನಮ್ಮ ಮನೆಯವಳ ಪಾಲಿಗೆ ಅದು ವಿಲಾಯತಿಯಷ್ಟೇ ದೂರ. ಅಲ್ಲಿ ಮನುಷ್ಯರು ತಿನ್ನುವಂಥದ್ದು ಏನಾದರೂ ಸಿಗುತ್ತದೋ ಇಲ್ಲವೋ ಎಂದು ಚಟ್ನಿಪುಡಿ, ಅವಲಕ್ಕಿ, ಒಂದು ಡಬ್ಬಿ ತುಂಬ ಸಂಡಿಗೆ ಕಟ್ಟಿಕೊಟ್ಟಳು.

ನಾನು ಹೋದಾಗ ಮಳೆಗಾಲಕ್ಕೆ ಇನ್ನು ಕೆಲವೇ ದಿನ ಇತ್ತು. ಗಾಳಿ ಎದ್ದಿತ್ತು. ಗಾಳಿ ಎಂದರೆ ನಮ್ಮ ಕಡೆಯ ಆಷಾಢದ ಗಾಳಿಯಲ್ಲ, ಅದು ಬರುತ್ತದೆ, ಹೋಗುತ್ತದೆ. ಇದು ಬೆಳಿಗ್ಗೆ ಎದ್ದಾಗ ಹೇಗೆ ಬೀಸುತ್ತಿತ್ತೋ ಸಂಜೆಯೂ ಹಾಗೆಯೇ. ಷಡ್ಡಕನ ಮನೆಯ ತೆಂಗಿನ ಮರಗಳೆಲ್ಲ ಒಂದೇ ಕಡೆಗೆ ತಲೆ ಬಾಚಿಕೊಂಡಿದ್ದವು. ಮಾತಾಡಿದರೆ ಮಾತು ಪಕ್ಕದ ಮನೆಗೆ ಹೋಗಿ ಬೀಳುತ್ತಿತ್ತು. ಇದನ್ನು ಕುಡಿದು ನಿದ್ದೆ ಮಾಡು ಎಂದ ಪಂಡಿತರನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

ಎರಡನೆಯ ದಿನ ಬೈತಖೋಲಿನ ಧಕ್ಕೆಗೆ ಹೋದೆ. ಬೊಂಬಾಯಿಯ ಆಗಬೋಟಿಗೆ, ಅಂದರೆ ಹೊಗೆಹಡಗಿಗೆ, ಸಾಮಾನು ಏರಿಸುವ ಕಲ್ಲುಕಟ್ಟೆ ಅದು. ಗಾಳಿ ಎದ್ದಂದಿನಿಂದ ಆಗಬೋಟು ಬಂದಿರಲಿಲ್ಲ, ದೋಣಿಗಳನ್ನೆಲ್ಲ ಮರಳಿಗೆ ಎಳೆದು ಮಗುಚಿ ಹಾಕಿದ್ದರು. ಧಕ್ಕೆಯ ಅಂಚಿನಲ್ಲಿ ಏಳು ಜನ ಕಾಲು ಇಳಿಬಿಟ್ಟು ಸಾಲಾಗಿ ಕೂತಿದ್ದರು. ಏನು ಮಾಡುತ್ತಿದ್ದಾರೆಂದು ಬಗ್ಗಿ ನೋಡಿದೆ, ಅಷ್ಟೇ. ಕೊಡೆ ಹೋಯಿತು. ಮದುವೆಯಲ್ಲಿ ಮಾವನವರು ಕೊಟ್ಟ ಕೊಡೆ. ಇಪ್ಪತ್ತೆಂಟು ಮಳೆಗಾಲ ಕಂಡದ್ದು ಒಂದು ಗಳಿಗೆಯಲ್ಲಿ ಮಗುಚಿಕೊಂಡು ನೀರಿಗೆ ಬಿದ್ದು ದೋಣಿಯಾಗಿ ಹೊರಟಿತು.

ಸಾಲಿನಲ್ಲಿದ್ದ ಒಬ್ಬ ಎದ್ದು, ತನ್ನ ದಾರವನ್ನು ಸೀಸದ ಗುಂಡಿನ ಸಮೇತ ಗಾಳಿಯ ಕೆಳಗೇ ತೂರಿದ. ನಾಲ್ಕನೆಯ ಸಲಕ್ಕೆ ಗಾಳ ಕೊಡೆಯ ಬಟ್ಟೆಗೆ ಕಚ್ಚಿತು. ಒಂದು ಮೊಳ ಬಟ್ಟೆ ಹರಿಯಿತು, ಕೊಡೆ ಮಾತ್ರ ಮೇಲೆ ಬಂತು. ನಾನು ಕೈ ಚಾಚಿದೆ. ಅವನು ನನಗೆ ಕೊಡಲಿಲ್ಲ! ಪಕ್ಕದಲ್ಲಿದ್ದ ಮುದುಕನ ತೊಡೆಯ ಮೇಲೆ ಇಟ್ಟು ತನ್ನ ಜಾಗಕ್ಕೆ ಹೋಗಿ ಕೂತ. ಮುದುಕ ಕೊಡೆಯನ್ನು ತೆರೆದು, ಮುಚ್ಚಿ, ಹಿಂದೆ ಮುಂದೆ ನೋಡಿ, ಸಾವಕಾಶವಾಗಿ ನನಗೆ ಕೊಟ್ಟ. ಇದೆಂಥ ಊರಪ್ಪಾ ಎಂದುಕೊಂಡೆ.

ಧಕ್ಕೆ

ಕೊಡೆ ಎತ್ತಿಕೊಟ್ಟವನ ಹೆಸರು ಸಣ್ಣು ಗೌಡ. ಅರ್ಗಾದ ರೈತ. ಮಳೆಗಾಲದಲ್ಲಿ ಗದ್ದೆ, ಉಳಿದ ದಿನ ಧಕ್ಕೆಯ ಮೇಲೆ ಮೂಟೆ ಹೊರುವ ಕೂಲಿ. ಮುದುಕನಿಗೆ ಎಲ್ಲರೂ ಪಾಂಡು ಮಾಮ ಎನ್ನುತ್ತಿದ್ದರು. ಆಗಬೋಟಿನಲ್ಲಿ ಖಲಾಸಿಯಾಗಿ ದೇಶ ಸುತ್ತಿದವನು, ಮನೆಮಾತು ಕೊಂಕಣಿ. ಉಳಿದ ಐವರೂ ಇವರಂತೆಯೇ, ಆಗಬೋಟಿಲ್ಲದೆ ಕೆಲಸವಿಲ್ಲದವರು. ದೋಣಿ ಇಳಿಯದ್ದರಿಂದ ಪೇಟೆಯಲ್ಲಿ ಹಸಿ ಮೀನೇ ಇರಲಿಲ್ಲ. ಈ ಏಳು ಮನೆಗಳ ಗಂಜಿಯ ಜೊತೆಗೆ ಏನಾದರೂ ಇದ್ದರೆ ಅದು ಈ ಏಳು ದಾರಗಳಿಂದ ಬರಬೇಕು.

ಗಾಳಿಯಲ್ಲಿ ಮೀನು ಹಿಡಿಯುವ ಕ್ರಮವೇ ಬೇರೆ. ದಾರ ಕೈಯಲ್ಲಿ ಹಿಡಿಯುವುದಿಲ್ಲ. ಕೈಯಿಂದ ನೀರಿನವರೆಗಿನ ದಾರವನ್ನು ಗಾಳಿ ಎಳೆದೆಳೆದು ಆಡಿಸುತ್ತದೆ, ಮೀನು ಕಚ್ಚಿದ್ದು ಯಾವುದು, ಗಾಳಿ ಎಳೆದದ್ದು ಯಾವುದು ಎಂದು ತಿಳಿಯುವುದಿಲ್ಲ. ಅದಕ್ಕೇ ಧಕ್ಕೆಯ ಅಂಚಿನಲ್ಲಿ ಕೂತು, ಕಾಲನ್ನು ನೀರಿಗೆ ಹತ್ತಿರ ಇಳಿಬಿಟ್ಟು, ದಾರವನ್ನು ಅದರ ಹೆಬ್ಬೆರಳಿಗೆ ಒಂದು ಸುತ್ತು ಸುತ್ತಿಕೊಳ್ಳುತ್ತಾರೆ. "ಗಾಳೀಲಿ ಕೈ ಸುಳ್ಳು ಹೇಳ್ತದೆ ರಾಯ್ರೆ, ಕಾಲು ಹೇಳುದಿಲ್ಲ" ಎಂದ ಸಣ್ಣು. ಮೊದಲು ನನ್ನನ್ನು ಒಡೆಯಾ ಎನ್ನುತ್ತಿದ್ದ. ಕೆರೆ ಬಿಟ್ಟರೆ ನಾನು ಯಾವುದಕ್ಕೂ ಒಡೆಯನಾಗಿರಲಿಲ್ಲ, ಈಗ ಅದೂ ಇಲ್ಲ, ಹಾಗೆನ್ನಬೇಡ ಎಂದ ಮೇಲೆ ರಾಯರಿಗೆ ಇಳಿಸಿದ.

ಕೊಡೆಯ ಗುಟ್ಟನ್ನು ಪಾಂಡು ಮಾಮ ಬಿಡಿಸಿ ಹೇಳಿದ. ಗಾಳಿ ಇರುವ ದಿನ ಒಬ್ಬನ ದಾರ ಅವನ ಮುಂದೆ ನಿಲ್ಲುವುದಿಲ್ಲ, ತೇಲಿ ಪಕ್ಕದವನ ಮುಂದೆ ಹೋಗುತ್ತದೆ. ಅವನದು ಅದರಾಚೆಯವನ ಮುಂದೆ. ನೀರಿನ ಕೆಳಗೆ ಯಾರು ಗಾಳಕ್ಕೆ ಸಿಗಡಿ ಕಟ್ಟಿ ಕರೆದ ಮೀನು ಯಾರ ಗಾಳಕ್ಕೆ ಬಿತ್ತು ಎಂದು ಜಗಳ ಶುರುವಾದರೆ ಮುಗಿಯುವುದಿಲ್ಲ. ಹಾಗಾಗಿ ಅವರ ಅಜ್ಜಂದಿರ ಕಾಲದಿಂದ ಒಂದು ರಿವಾಜು. ಗಾಳಿ ಇರುವ ದಿನ ನಿನ್ನ ಗಾಳಕ್ಕೆ ಬಿದ್ದದ್ದು ನಿನ್ನದಲ್ಲ, ಗಾಳಿ ಕೆಳಗೆ, ಅಂದರೆ ಗಾಳಿ ಹೋಗುವ ಕಡೆಗೆ, ಕೂತ ಪಕ್ಕದವನದು. ಸಾಲಿನ ಕೊನೆಯವನಿಗೆ ಬಿದ್ದದ್ದು ಮೊದಲಿನವನಿಗೆ. ಗಾಳಿ ಇಲ್ಲದ ದಿನ ಅವರವರದು ಅವರವರಿಗೆ. ಕೊಡೆ ಸಣ್ಣುವಿನ ಗಾಳಕ್ಕೆ ಬಿದ್ದದ್ದರಿಂದ ಪಾಂಡು ಮಾಮನದಾಗಿತ್ತು. ಅವನು ದೊಡ್ಡ ಮನಸ್ಸು ಮಾಡಿ ನನಗೆ ದಾನ ಕೊಟ್ಟಿದ್ದ.

ಇದನ್ನು ಕೇಳಿ ನಾನು ನಕ್ಕುಬಿಟ್ಟೆ. ನಮ್ಮಲ್ಲಿ ಸರದಿಗೆ ಮೊದಲು ಒಂದು ಕೈಯಗಲ ನೀರು ಪಕ್ಕದ ಗದ್ದೆಗೆ ಹೋಯಿತೆಂದು ಗುದ್ದಲಿಯಲ್ಲಿ ತಲೆ ಒಡೆದುಕೊಂಡದ್ದನ್ನು ಕಣ್ಣಾರೆ ಕಂಡವನು ನಾನು. ತನ್ನದನ್ನು ಪಕ್ಕದವನಿಗೆ ಕೊಡು ಎಂಬ ಕಾನೂನು ನಮ್ಮೂರಲ್ಲಿ ಅರ್ಧ ದಿನ ಬಾಳುವುದಿಲ್ಲ. ಬೇಕೆಂದೇ ಸಿಗಡಿ ಕಟ್ಟದೆ ಕೂತರೆ? ಪಕ್ಕದವನಿಗೆ ಯಾಕೆ ಸಿಗಬೇಕು ಎಂದು ಗಾಳವನ್ನೇ ಬಿಚ್ಚಿಟ್ಟರೆ? ವಕೀಲನ ಹಾಗೆ ಕೇಳಿದೆ. ಪಾಂಡು ಮಾಮ, ಹಾಗೆ ಯಾಕೆ ಮಾಡುತ್ತಾರೆ ಎಂದು ತಿರುಗಿ ಕೇಳಿದ.

ದಿನಾ ಹೋಗತೊಡಗಿದೆ. ಅಲ್ಲಿ ಕೂತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಒಂದೇ ಸಮನೆ ಬೀಸುವ ಗಾಳಿ ಒಂದಷ್ಟು ಹೊತ್ತಾದ ಮೇಲೆ ಕಿವಿಗೆ ಕೇಳಿಸುವುದೇ ಇಲ್ಲ. ಬಿಗಿದ ದಾರಗಳು ಸಣ್ಣಗೆ ಗುಂಯ್‌ಗುಡುತ್ತವೆ. ದೂರದಲ್ಲಿ ದೀಪಸ್ತಂಭದ ದ್ವೀಪ ಬಿಸಿಲಮಬ್ಬಿನಲ್ಲಿ ಬುಡ ಕಳಚಿ ಒಂದಿಷ್ಟು ಮೇಲಕ್ಕೆ ನಿಂತ ಹಾಗೆ ಕಾಣುತ್ತದೆ. ಕಣ್ಣು ತೆರೆದೇ ಇರುತ್ತಿತ್ತು, ಆದರೆ ನಾನು ಎಲ್ಲೋ ಇರುತ್ತಿದ್ದೆ. ಒಮ್ಮೆ ಧಕ್ಕೆಯೇ ನಮ್ಮ ಕೆರೆಯ ಏರಿಯಾಗಿ, ನಮ್ಮನ್ನೆಲ್ಲ ಕೂರಿಸಿಕೊಂಡು ಮೆಲ್ಲಗೆ ಹೊರಟಂತಾಯಿತು. ತೀರಿಹೋದ ನಮ್ಮ ಅಪ್ಪ ಪಕ್ಕದಲ್ಲೇ ಕೂತು ಕಾಲು ಆಡಿಸುತ್ತಿದ್ದರು. ಯಾವ ಊರಿಗೆ ಹೋಗುತ್ತಿದ್ದೇವೆ ಎಂದು ಕೇಳಬೇಕೆಂದುಕೊಂಡೆ, ಅಷ್ಟರಲ್ಲಿ ಯಾರೋ ಕೆಮ್ಮಿದರು.

ನಾಲ್ಕನೆಯ ದಿನ, ಸುಮ್ಮನೆ ಕೂರುವ ಬದಲು ಒಂದು ದಾರ ಹಿಡಿಯಿರಿ ಎಂದು ಸಣ್ಣು ತನ್ನ ಪಕ್ಕ, ಗಾಳಿಯ ಮೇಲಿನ ಕಡೆಗೆ, ಜಾಗ ಮಾಡಿಕೊಟ್ಟ. ನಾನು ಹುಟ್ಟಾ ಸಸ್ಯಾಹಾರಿ. ಜೀವಹಿಂಸೆ ಬೇಡ, ಜೊತೆಯೂ ತಪ್ಪಬಾರದು. ಯಾರೂ ನೋಡದ ಹಾಗೆ ಗಾಳ ಬಿಚ್ಚಿ ಜೇಬಿಗೆ ಹಾಕಿಕೊಂಡು ಬರೀ ಸೀಸದ ಗುಂಡನ್ನು ನೀರಿಗೆ ಬಿಟ್ಟೆ. ಬೆಳಗಿನ ಭರತ ಪೂರ್ತಿ, ಅಂದರೆ ನೀರು ಏರುವ ಹೊತ್ತು ಪೂರ್ತಿ, ಹೆಬ್ಬೆರಳಿಗೆ ದಾರ ಸುತ್ತಿಕೊಂಡು ರಾಜನ ಹಾಗೆ ಕೂತಿದ್ದೆ. ನನ್ನ ಗಾಳಿ ಮೇಲಿನವನ ಗಾಳಕ್ಕೆ ಏನೂ ಬೀಳದ್ದರಿಂದ ನನಗೆ ಮೀನು ಬರಲಿಲ್ಲ. ಉಳಿದವರಿಗೆಲ್ಲ ಒಂದೋ ಎರಡೋ ಮೀನು ಬಂತು, ಸಣ್ಣುವಿಗೆ ಮಾತ್ರ ಬರಲಿಲ್ಲ. ಅವನ ಗಾಳಕ್ಕೆ ಎರಡು ಬಿದ್ದವು, ಎರಡನ್ನೂ ಪಾಂಡು ಮಾಮನ ಬುಟ್ಟಿಗೆ ಹಾಕಿದ. ದಾರ ಸುತ್ತುವಾಗ ಅವನ ಬರಿಯ ಬುಟ್ಟಿ ನೋಡಿದೆ. ಆಗ ಹೊಳೆಯಿತು. ಅವನಿಗೆ ಬರಬೇಕಾದದ್ದು ನನ್ನ ಗಾಳದಿಂದ, ಆ ಗಾಳ ನನ್ನ ಜೇಬಿನಲ್ಲಿತ್ತು! ನಾನು ವಕೀಲನ ಹಾಗೆ ಕೇಳಿದ್ದೆನಲ್ಲ, ಆ ದುಷ್ಟ ನಾನೇ ಆಗಿದ್ದೆ. ಅವರಿಗೆಲ್ಲ ಗೊತ್ತಿತ್ತು. ಯಾರೂ ಒಂದು ಮಾತು ಆಡಲಿಲ್ಲ.

ಅರ್ಗಾ

ಮರುದಿನ ಮಧ್ಯಾಹ್ನ ಸಂಡಿಗೆಯ ಡಬ್ಬಿ ಹಿಡಿದು ಅರ್ಗಾಕ್ಕೆ ನಡೆದೆ. ಮೀನಿನ ಬದಲಿಗೆ ಸಂಡಿಗೆ ಎಂಬುದು ಯಾವ ನ್ಯಾಯವೋ ನನಗೂ ಗೊತ್ತಿಲ್ಲ, ನನ್ನ ಹತ್ತಿರ ಇದ್ದದ್ದು ಅದೇ. ಗುಡ್ಡದ ಬುಡದಲ್ಲಿ ಸಣ್ಣುವಿನ ಮನೆ, ಹುಲ್ಲು ಮಾಡು, ಅಂಗಳ ಕನ್ನಡಿಯ ಹಾಗೆ ಸಾರಿಸಿದ್ದು. ಅವನ ಹೆಂಡತಿ ನಾಗಿ, ಕೊರಳ ತುಂಬ ಕರಿಮಣಿ ಸರಗಳ ದಪ್ಪ ಹೊರೆ ಹಾಕಿಕೊಂಡವಳು, ಸಂಡಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಇದು ಯಾವ ಮೀನಿನದು ಎಂದು ಕೇಳಿದಳು. ಬೂದುಗುಂಬಳಕಾಯಿಯದು ಎಂದೆ. ಪಾಪ, ನಿಮ್ಮ ಕಡೆ ಅಷ್ಟು ಬಡತನವೇ ಎಂಬ ಮುಖ ಮಾಡಿದಳು.

ಸಣ್ಣು ಧಕ್ಕೆಯ ಮೇಲೆ ದಿನಾ ಗಾಳಿ ನಿಲ್ಲುತ್ತದೆಯೇ ಎಂದು ಯಾಕೆ ಅಷ್ಟು ಆಸೆಯಿಂದ ನೋಡುತ್ತಾನೆ ಎಂಬುದು ಆ ಅಂಗಳದಲ್ಲಿ ತಿಳಿಯಿತು. ಅವರಿಗೆ ಒಬ್ಬಳೇ ಮಗಳು. ಸೋಮವಾರ ಹುಟ್ಟಿದ್ದರಿಂದ ಸೋಮಿ. ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಧಕ್ಕೆಯ ಮೇಲೆ ಕೂತು ಬೆಳೆದವಳು. ಅವಳನ್ನು ಮೂರು ವರ್ಷದ ಹಿಂದೆ ಸುಂಕಸಾಳಕ್ಕೆ ಕೊಟ್ಟರು. ಅಂಕೋಲೆಯಿಂದ ಯಲ್ಲಾಪುರದ ಹಾದಿಯಲ್ಲಿ ಕಾಡಿನ ನಡುವಿನ ಊರು, ಕಡಲ ಮೀನು ಅಲ್ಲಿಗೆ ಒಣಗಿಯೇ ಬರಬೇಕು. ಹೊರಡುವಾಗ ಅವಳು ಅತ್ತದ್ದು ಅದಕ್ಕೇ. ಸಣ್ಣು ಮಾತು ಕೊಟ್ಟ, ನನ್ನ ಕೈಯಾರೆ ಹಿಡಿದ ಮೀನು ನಿನಗೆ ತಂದು ಕೊಡುತ್ತೇನೆ ಎಂದು. ಮೊದಲ ಸಲ ಹೋಗುವ ದಿನ ಗಾಳಕ್ಕೆ ಏನೂ ಬೀಳಲಿಲ್ಲ. ಬರಿಗೈಯಲ್ಲಿ ಹೇಗೆ ಹೋಗುವುದೆಂದು ಪೇಟೆಯಲ್ಲಿ ಒಳ್ಳೆ ಮೀನು ಕೊಂಡು, ನಾನೇ ಹಿಡಿದದ್ದು ಎಂದು ಕೊಟ್ಟ.

"ಕೂಸು ಮೀನಿನ ಬಾಯಿ ತೆಗ್ದು ನೋಡ್ತು" ಎಂದಳು ನಾಗಿ ಮಗಳ ಬಗ್ಗೆ, ಗಂಡನ ಎದುರಿಗೇ. "ಗಾಳದ ಮೀನಿಗೆ ತುಟಿ ಹರಿದಿರ್ತದೆ. ಅದ್ಕೆ ಹರಿದಿರ್ಲಿಲ್ಲ. ಬಲೆದು. ಒಂದು ಮಾತೂ ಹೇಳ್ಲಿಲ್ಲ ಅದು. ಅಡಿಗೆ ಮಾಡಿ ಬಡಿಸ್ತು. ಅಲ್ಲಿಂದ ಈ ಅಂಗಳಕೆ ಕಾಲು ಇಡ್ಲಿಲ್ಲ."

ಸಣ್ಣು ತಲೆ ತಗ್ಗಿಸಿ ಅಂಗಳದ ಸೆಗಣಿಯನ್ನು ಉಗುರಿನಿಂದ ಕೆರೆಯುತ್ತಿದ್ದ. ಈಗ ಸೋಮಿಗೆ ಎಂಟು ತಿಂಗಳು ತುಂಬುತ್ತಿತ್ತು. ಮೂರು ವರ್ಷದಲ್ಲಿ ಮೊದಲ ಸಲ ಹೇಳಿಕಳಿಸಿದ್ದಳು: ಬಯಕೆಯಾಗಿದೆ, ಅಪ್ಪನ ಕೈ ಮೀನು ಬೇಕು. ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮಲ್ಲೂ ಹೇಳುತ್ತಾರೆ. ಆದರೆ ಇದು ಕಿವಿಯ ಪ್ರಶ್ನೆಯಲ್ಲ ಎಂದು ನನಗೂ ತಿಳಿಯಿತು. ಅವಳು ಅಪ್ಪನಿಗೆ ಇನ್ನೊಂದು ಅವಕಾಶ ಕೊಟ್ಟಿದ್ದಳು. ಮಳೆ ಹಿಡಿದರೆ ಆ ಹಾದಿಯಲ್ಲಿ ಮೋಟಾರು ನಿಲ್ಲುತ್ತದೆ. ಇನ್ನು ನಾಲ್ಕೈದು ದಿನ ಇದ್ದರೆ ಹೆಚ್ಚು. ಸುದ್ದಿ ಬಂದ ದಿನವೇ ಗಾಳಿ ಎದ್ದಿತ್ತು. ಗಾಳಿಯಲ್ಲಿ ಅವನ ಗಾಳದ ಮೀನು ಅವನದಲ್ಲ.

ಪಾಂಡು ಮಾಮನಿಗೆ ಹೋದದ್ದನ್ನು ಕೇಳಿ ವಾಪಸು ಪಡೆಯಬಹುದಲ್ಲ, ಹೇಗೂ ನೀನೇ ಹಿಡಿದದ್ದು ಎಂದೆ. ಸಣ್ಣು ತಲೆ ಎತ್ತಿದ.

"ಕೊಡ್ತ್ರು ರಾಯ್ರೆ, ಕೇಳಿದ್ರೆ ಆರೂ ಜನ ಕೊಡ್ತ್ರು. ಆದ್ರೆ ಅದು ಅವ್ರು ಕೊಟ್ಟ ಮೀನು. ಒಮ್ಮೆ ಸುಳ್ಳು ಹೇಳ್ದವ ನಾನು. ನಂಗೆ ಅರ್ಧ ಸತ್ಯ ಸಾಲುದಿಲ್ಲ."

ಬೇರೆ ಕಡೆ ಒಬ್ಬನೇ ಕೂತು ಹಿಡಿ ಎಂದೆ. ಈ ಗಾಳಿಯಲ್ಲಿ ಬಂಡೆಯ ಮೇಲೆ ಕೂತರೆ ಮೀನು ಅಲ್ಲ, ಸಣ್ಣುವೇ ನೀರಿಗೆ ಹೋಗುತ್ತಾನೆ ಎಂದಳು ನಾಗಿ. ಗಾಳಿಯಲ್ಲಿ ಕೂರಬಹುದಾದದ್ದು ಧಕ್ಕೆಯೊಂದೇ, ಮೀನು ಧಕ್ಕೆಗೆ ಬರುವುದು ಬೆಳಗಿನ ಭರತದಲ್ಲಿ, ಆಗ ಎಲ್ಲರೂ ಇರುತ್ತಾರೆ. ಕರಿದ ಸಂಡಿಗೆ ಮೂವರೂ ತಿಂದೆವು. ನಾಗಿ ಎರಡನೆಯ ಸಲ ಹಾಕಿಕೊಂಡಳು.

ಮತ್ತೆ ಧಕ್ಕೆ

ಕಾನೂನು ಎಂದರೆ ಅದರ ಸಂದು ಹುಡುಕುವುದು ನನಗೆ ಮೂವತ್ತು ವರ್ಷದ ಚಟ. ಮಾರನೆಯ ದಿನ ಪಾಂಡು ಮಾಮನ ಪಕ್ಕ ಕೂತು, ಸಣ್ಣು ಸಿಗಡಿ ತರಲು ಹೋಗಿದ್ದಾಗ ಮೆಲ್ಲಗೆ ಕೇಳಿದೆ. ಕೊನೆಯವನ ಮೀನು ಮೊದಲಿನವನಿಗೆ, ಅಲ್ಲವೇ? ಸಾಲಿನಲ್ಲಿ ಒಬ್ಬನೇ ಇದ್ದರೆ?

ಪಾಂಡು ಮಾಮ ತಂಬಾಕು ಅಗಿಯುವುದನ್ನು ನಿಲ್ಲಿಸಿದ. "ಮೊದ್ಲಿನವ್ನೂ ಅವ್ನೇ, ಕೊನೆಯವ್ನೂ ಅವ್ನೇ" ಎಂದ. ಆಮೇಲೆ ತಿರುಗಿ ನೀರು ನೋಡತೊಡಗಿದ. ನಾನು ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟುಕೊಂಡು ಶಿರವಾಡಕ್ಕೆ ಹೋದೆ. ಷಡ್ಡಕ, ಊಟ ಯಾಕೆ ಇಷ್ಟು ಚೆನ್ನಾಗಿ ಮಾಡುತ್ತಿದ್ದೀರಿ ಇವತ್ತು ಎಂದು ಕೇಳಿದ.

ಮರುದಿನ ಬೆಳಿಗ್ಗೆ ಆಕಾಶದ ಒಂದು ಮೂಲೆ ಕಪ್ಪಾಗಿತ್ತು. ಗಾಳಿ ಹಾಗೆಯೇ ಇತ್ತು. ಭರತ ಏರುತ್ತಿತ್ತು, ಧಕ್ಕೆಯ ಕಲ್ಲುಗಳ ನಡುವೆ ನೀರು ಗುಳುಗುಳು ಎನ್ನುತ್ತಿತ್ತು. ಏಳು ಜನ ಏಳು ದಾರ ಬಿಟ್ಟಿದ್ದರು. ಗಾಳಿ ಎದ್ದ ಮೇಲೆ ಇಷ್ಟು ಒಳ್ಳೆಯ ಭರತ ಬಂದಿರಲಿಲ್ಲವೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಆಗ ಪಾಂಡು ಮಾಮ ಕಾಲು ಮೇಲೆತ್ತಿಕೊಂಡು, ಹೆಬ್ಬೆರಳಿನ ಸುತ್ತು ಬಿಚ್ಚಿ, ದಾರ ಎಳೆದು ಕೋಲಿಗೆ ಸುತ್ತಿದ. ಎದ್ದು ಹಿಂದಕ್ಕೆ ಹೋಗಿ ಗೋಣಿಯ ಮೇಲೆ ಕೂತ. ಅವನ ಪಕ್ಕದವನು ನೋಡಿದ. ಅವನೂ ಸುತ್ತಿದ. ಆಮೇಲೆ ಮೂರನೆಯವನು. ಕೊನೆಯವನ ಬುಟ್ಟಿ ಖಾಲಿಯಿತ್ತು, ಮನೆಯಲ್ಲಿ ನಾಲ್ಕು ಮಕ್ಕಳು. ಅವನು ಒಂದು ಗಳಿಗೆ ದಾರ ಹಿಡಿದೇ ಇದ್ದ, ನೀರು ನೋಡಿದ, ಆಮೇಲೆ ಅವನೂ ಸುತ್ತಿದ.

ಆಗ ನನ್ನ ಖುಷಿ ಇಳಿಯಿತು. ನಾನು ಬಾಯಿಮಾತಿನಲ್ಲಿ ಬಿಡಿಸಿದ ಗಂಟಿಗೆ ಅವರು ಆ ದಿನದ ಊಟ ಕೊಟ್ಟಿದ್ದರು.

ಸಣ್ಣು ಹಿಂದಿರುಗಿ ನೋಡಿ, ಇದೆಂಥದು, ಬನ್ನಿ ಕೂತುಕೊಳ್ಳಿ ಎಂದು ಏಳಲು ಹೋದ.

"ಕೂತ್ಕೋ ಸಣ್ಣು" ಎಂದ ಪಾಂಡು ಮಾಮ. "ನಾವ್ ನಿಂಗೆ ಯೆಂತಾ ಕೊಡ್ಲಿಲ್ಲ. ಕಾಲು ಜೋಮು ಹಿಡೀತು, ಕೂತಿದ್ವಿ, ಅಷ್ಟೇ. ಗಾಳಿ ನಿಲ್ಲುದು ಕಾಯ್ತಾ ಕೂತ್ರೆ ಹುಡ್ಗಿ ಹೆತ್ತೇ ಬಿಡ್ತದೆ."

ಸಣ್ಣು ಮತ್ತೆ ನೀರಿನ ಕಡೆ ತಿರುಗಿದ. ಆ ಉದ್ದದ ಧಕ್ಕೆಯ ಅಂಚಿನಲ್ಲಿ ಅವನೊಬ್ಬನೇ, ಹಿಂದೆ ನಾವು ಏಳು ಜನ. ಎಷ್ಟು ಹೊತ್ತು ಹಾಗಿದ್ದೆವೋ ನನಗೆ ಗೊತ್ತಿಲ್ಲ. ಮೋಡದ ನೆರಳು ನೀರಿನ ಮೇಲೆ ನಮ್ಮ ಕಡೆಗೇ ಬಂದು ನಮ್ಮ ಮೇಲಿಂದ ಹಾದು ಗುಡ್ಡ ಹತ್ತಿತು. ನಾನು ಜೀವಮಾನದಲ್ಲಿ ಮೊದಲ ಸಲ, ಒಂದು ಮೀನು ಸಾಯಲಿ ಎಂದು ದೇವರನ್ನು ಬೇಡಿಕೊಂಡೆ. ಒಮ್ಮೆ ದಾರ ಜೋರಾಗಿ ಎಳೆಯಿತು, ಸಣ್ಣು ಎಳೆದ, ದೊಡ್ಡದೇನೋ ಬೆಳ್ಳಗೆ ಹೊರಳಿ ದಾರ ಹರಿದುಕೊಂಡು ಹೋಯಿತು. ಹಿಂದೆ ಏಳು ಜನ ಒಟ್ಟಿಗೆ ಉಸಿರು ಬಿಟ್ಟೆವು. ಅವನು ಹೊಸ ಗಾಳ ಕಟ್ಟಿದ. ಭರತ ನಿಂತು ನೀರು ಇಳಿಯುವ ಮೊದಲು ಹೆಬ್ಬೆರಳು ಇನ್ನೊಮ್ಮೆ ಕುಣಿಯಿತು. ಈ ಸಲ ಬಂದದ್ದು ಒಂದು ನೊಗಲಿ, ಗೇಣುದ್ದದ ತೆಳು ಮೀನು.

ಅಷ್ಟೇ. ಇನ್ನೂ ಸ್ವಲ್ಪ ಹೊತ್ತು ಕೂತರೆ ದೊಡ್ಡದು ಸಿಗುತ್ತಿತ್ತೇನೋ. ಸಣ್ಣು ಕೂರಲಿಲ್ಲ. ದಾರ ಸುತ್ತಿ ಎದ್ದು, ನಂದಾಯಿತು, ನೀವು ಬನ್ನಿ ಎಂದ. ಅವರು ಹೋಗಿ ಕೂತಾಗ ನೀರು ಇಳಿಯತೊಡಗಿತ್ತು. ಆ ದಿನ ಅವರಿಗೆ ಏನೂ ಸಿಗಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು.

ಅಂಕೋಲೆ

ನಾನೂ ಅದೇ ಹಾದಿಯಲ್ಲಿ ಹುಬ್ಬಳ್ಳಿಗೆ ಹೋಗಬೇಕಾದವನು. ಒಂದು ದಿನ ಮೊದಲೇ ಹೊರಟರೆ ಯಾರ ಗಂಟು ಹೋಗುತ್ತದೆ? ಷಡ್ಡಕನಿಗೆ ಹೇಳಿ, ಮಾರನೆಯ ಬೆಳಿಗ್ಗೆ ಟ್ರಂಕು ಹೊರಿಸಿಕೊಂಡು ಸಣ್ಣುವಿನ ಜೊತೆ ಮೋಟಾರು ಹತ್ತಿದೆ. ನಾಗಿ ಮೀನಿಗೆ ಉಪ್ಪು ಸವರಿ, ಬಾಳೆ ಎಲೆಯಲ್ಲಿ ಸುತ್ತಿ, ಒದ್ದೆ ಗೋಣಿಯಲ್ಲಿ ಕಟ್ಟಿ ಕೊಟ್ಟಿದ್ದಳು. ಬಿಸಿಲು ಬೀಳದ ಹಾಗೆ ಅದರ ಮೇಲೆ ನನ್ನ ಹರಿದ ಕೊಡೆ ಹಿಡಿದುಕೊಂಡಿದ್ದೆ. ಹೊರಗಿನಿಂದ ನೋಡಿದವರು ಗೋಣಿಯೊಳಗೆ ಕೂಸಿದೆ ಎಂದುಕೊಂಡಿರಬೇಕು.

ಎದುರಿಗೆ ಗಂಧ ಹಚ್ಚಿಕೊಂಡ ಒಬ್ಬರು ಮೂಗು ಮುಚ್ಚಿಕೊಂಡು, ಯಾರದು ಇದು ಮೀನು, ಕೆಳಗೆ ಇಳಿಸಿ ಎಂದು ಗಲಾಟೆ ಎಬ್ಬಿಸಿದರು. ಮೋಟಾರಿನವನು ಸಣ್ಣುವಿನ ಕಡೆ ತಿರುಗಿದ. ಸಣ್ಣು ಗೋಣಿ ಎತ್ತಿಕೊಂಡು ಇಳಿಯಲೇ ಎದ್ದ. ನನಗೆ ಎಲ್ಲಿಂದ ಸಿಟ್ಟು ಬಂತೋ, "ಮೀನು ನನ್ನದು" ಎಂದುಬಿಟ್ಟೆ. ಆ ಮಹನೀಯರು ನನ್ನ ಹಣೆಯ ವಿಭೂತಿ ನೋಡಿದರು, ಗೋಣಿ ನೋಡಿದರು, ಕಲಿಗಾಲ ಎಂದು ಕಿಟಕಿಯ ಕಡೆ ತಿರುಗಿ ಕೂತರು. ನಮ್ಮ ಮನೆಯವಳು ಇದನ್ನು ಓದಿದರೆ ನನಗೆ ಮೂರು ದಿನ ಅಡುಗೆಮನೆಗೆ ಪ್ರವೇಶವಿಲ್ಲ.

ಅಂಕೋಲೆಯಲ್ಲಿ ಮೋಟಾರು ನಿಂತದ್ದು ನಿಂತೇಬಿಟ್ಟಿತು. ಏನೋ ಕೆಟ್ಟಿತ್ತು, ಡ್ರೈವರು ಅದರ ಹೊಟ್ಟೆಯ ಕೆಳಗೆ ಮಲಗಿದ. ಮರದ ನೆರಳಲ್ಲಿ ಹೆಂಗಸರು ಇಶಾಡ ಮಾವಿನ ಹಣ್ಣು ಇಟ್ಟುಕೊಂಡು ಕೂತಿದ್ದರು. ಅಷ್ಟು ಸಿಹಿ ಹಣ್ಣನ್ನು ನಾನು ಕನಸಿನಲ್ಲೂ ತಿಂದಿಲ್ಲ, ರಸ ಮೊಳಕೈಗೆ ಇಳಿಯಿತು, ಒರೆಸಿಕೊಳ್ಳಲೂ ಮನಸ್ಸಾಗಲಿಲ್ಲ. ತಿನ್ನುತ್ತಿದ್ದಾಗ ಏನೋ ಬದಲಾದಂತೆ ಅನಿಸಿತು. ನೋಡಿದರೆ ಮರದ ಎಲೆ ಅಲುಗುತ್ತಿರಲಿಲ್ಲ. ಗಾಳಿ ನಿಂತಿತ್ತು! ಎಂಟು ದಿನದ ಗಾಳಿ, ನಮ್ಮ ಕೆಲಸ ಮುಗಿದ ಮೇಲೆ, ನಮ್ಮನ್ನು ಗೇಲಿ ಮಾಡಲೆಂಬಂತೆ ನಿಂತಿತ್ತು.

ಇಲ್ಲಿ ಹೊಳೆಬಾಯಿಯಲ್ಲಿ ನಸುಕಿನಲ್ಲೇ ನಿಂತಿತ್ತಂತೆ, ಬಲೆ ಬಿಟ್ಟಿದ್ದರಂತೆ. ಒಬ್ಬಳು ಬುಟ್ಟಿ ಹೊತ್ತು ಬಂದು ನಮ್ಮೆದುರೇ ಇಳಿಸಿದಳು. ಮೊಳದುದ್ದದ ಕೆಂಪು ಮೀನು, ಕಣ್ಣು ಇನ್ನೂ ಹೊಳೆಯುತ್ತಿತ್ತು. ಸಣ್ಣು ಅದನ್ನು ನೋಡಿದ, ತನ್ನ ಗೋಣಿ ಬಿಡಿಸಿ ಗೇಣುದ್ದದ ನೊಗಲಿ ನೋಡಿದ. ಅದು ಇನ್ನಷ್ಟು ಸಣ್ಣದಾದಂತೆ ಕಂಡಿತು. ಎಂಟು ತಿಂಗಳ ಬಸುರಿಗೆ ಇದು ಒಂದು ತುತ್ತು. ಜೊತೆಗೆ ಇದೂ ಒಂದು ಇರಲಿ, ಕೊಂಡದ್ದು ಎಂದು ಹೇಳಿಯೇ ಕೊಡು, ನಾನು ಕೊಡಿಸುತ್ತೇನೆ ಎಂದೆ.

ಅವನು ಆ ಕೆಂಪು ಮೀನಿನ ಬಾಯಿಯನ್ನು ಬೆರಳಿನಿಂದ ಮುಟ್ಟಿದ. "ಇದ್ರ ತುಟಿ ಹರಿದಿಲ್ಲ ರಾಯ್ರೆ" ಎಂದ. ಗೋಣಿ ಕಟ್ಟಿ ಮತ್ತೆ ನೀರು ಚಿಮುಕಿಸಿದ.

ಸುಂಕಸಾಳ

ಅಲ್ಲಿಂದ ಮುಂದೆ ಕಾಡು. ಮೋಟಾರು ಏದುಸಿರು ಬಿಡುತ್ತ ಹತ್ತಿತು. ಎರಡೂ ಕಡೆಯ ಮರಗಳು ಮೇಲೆ ಕೂಡಿಕೊಂಡು, ಹಸಿರು ನೀರಿನ ತಳದಲ್ಲಿ ಹೋಗುತ್ತಿದ್ದೇವೆ ಅನಿಸಿತು. ಹತ್ತುತ್ತ ಹತ್ತುತ್ತ ಮತ್ತೆ ತಂಗಾಳಿ ಶುರುವಾಯಿತು, ಬೆಟ್ಟದ ಕಡೆಯ ಸಣ್ಣ ಗಾಳಿ. ಸಣ್ಣುವಿನ ಕಾಲ ಹೆಬ್ಬೆರಳು ಆಗಾಗ ತಾನಾಗಿ ಅಲುಗುತ್ತಿತ್ತು.

ಸೋಮಿಯ ಮನೆ ಹಾದಿಯಿಂದ ನಾಲ್ಕು ಹೆಜ್ಜೆ. ಮೋಟಾರಿನವನು, ಅರ್ಧ ಗಂಟೆ ನಿಲ್ಲುತ್ತೇನೆ, ಎಂಜಿನ್ ಆರಬೇಕು, ಹಾರ್ನ್ ಹೊಡೆದರೆ ಬನ್ನಿ ಎಂದ. ಅವಳು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಇಪ್ಪತ್ತು ತುಂಬಿರಲಿಕ್ಕಿಲ್ಲ. ತಾಯಿಯದೇ ಕಣ್ಣು. ಅಪ್ಪ ಬಂದೆಯಾ ಎನ್ನಲಿಲ್ಲ, ಕಾಲಿಗೆ ನೀರು ಕೊಟ್ಟಳು. ಅತ್ತೆ ಒಳಗಿನಿಂದ ನನಗೊಂದು ಚಾಪೆ ತಂದು ಹಾಸಿದಳು. ಸಣ್ಣು ಗೋಣಿಯನ್ನು ಮಗಳ ಮುಂದೆ ಇಟ್ಟು ಬಿಚ್ಚಿದ. ಅವಳು ಕಷ್ಟಪಟ್ಟು ಕೂತು, ಮೀನನ್ನು ಅಂಗೈ ಮೇಲೆ ಇಟ್ಟುಕೊಂಡು, ಹೆಬ್ಬೆರಳಿನಿಂದ ಅದರ ಬಾಯಿ ತೆಗೆದಳು. ತುಟಿಯ ಬಲಗಡೆ ಸಣ್ಣಗೆ ಹರಿದಿತ್ತು. ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಅವಳು ಧಕ್ಕೆಯ ಮೇಲೆ ಬೆಳೆದ ಹುಡುಗಿ.

"ಎಂಟು ದಿನಿಂದ ಗಾಳಿ ಅಲ್ವಾ ಅಪ್ಪಾ?" ಎಂದಳು. "ಇಲ್ಲೂ ಮಾವಿನ್ಕಾಯಿ ಎಲ್ಲ ಉದುರ್ತು. ಗಾಳೀಲಿ ನಿನ್ ಗಾಳದ ಮೀನು ನಿಂದು ಹ್ಯಾಂಗಾತು?"

ಸಣ್ಣು, ಹೌದು ನಂದೇ ಎಂದುಬಿಟ್ಟಿದ್ದರೂ ಸುಳ್ಳಾಗುತ್ತಿರಲಿಲ್ಲ. ಅವನು, ಎಲ್ಲರೂ ದಾರ ಸುತ್ತಿದರು, ಸಾಲಿನಲ್ಲಿ ನನ್ನೊಬ್ಬನನ್ನೇ ಬಿಟ್ಟರು ಎಂದ. ಯಾರ್ಯಾರು ಎಂದು ಕೇಳಿದಳು. ಅವನು ಒಬ್ಬೊಬ್ಬರ ಹೆಸರೂ ಹೇಳಿದ, ಪಾಂಡು ಮಾಮನಿಂದ ಹಿಡಿದು. ಒಂದೊಂದು ಹೆಸರಿಗೂ ಅವಳು ತಲೆ ಆಡಿಸಿದಳು. ಅವರೆಲ್ಲರ ಪಕ್ಕದಲ್ಲೂ ಒಂದಲ್ಲ ಒಂದು ದಿನ ಕೂತವಳು.

"ಅವ್ರು ಅಂದು ಯೆಂತಾ ಉಂಡ್ರು?"

"ಬರೀ ಗಂಜಿ."

ಅವಳು ಮೀನು ಹಿಡಿದುಕೊಂಡು ಎದ್ದು ಒಳಗೆ ಹೋದಳು. ನಾವಿಬ್ಬರೂ ಜಗಲಿಯಲ್ಲಿ ಕೂತೆವು. ಹುರಿದ ಮೆಣಸು, ಹುಳಿಯ ವಾಸನೆ ಬಂತು. ಹೊರಗೆ ಮೋಟಾರಿನವನು ಒಮ್ಮೆ ಹಾರ್ನ್ ಹೊಡೆದ. ಏಳಬೇಕೆಂದುಕೊಂಡೆ, ಏಳಲಿಲ್ಲ. ನನಗೆ ಅತ್ತೆ ಮಜ್ಜಿಗೆ ಅನ್ನ, ಅಪ್ಪೆ ಮಿಡಿಯ ಉಪ್ಪಿನಕಾಯಿ ಬಡಿಸಿದಳು. ಸೋಮಿ ಎರಡು ಬಾಳೆ ಎಲೆ ತಂದು ಜಗಲಿಯಲ್ಲೇ ಹಾಸಿದಳು. ತನ್ನ ಎಲೆಯನ್ನು ಗಾಳಿ ಬರುವ ಕಡೆಗೆ, ಅಪ್ಪನದನ್ನು ಅದರ ಕೆಳಗೆ. ಗೇಣುದ್ದದ ಮೀನನ್ನು ಎರಡು ಮಾಡಿದ್ದಳು. ತಲೆಯ ಕಡೆಯ ದೊಡ್ಡ ತುಂಡನ್ನು ಅಪ್ಪನ ಎಲೆಗೆ ಹಾಕಿದಳು.

ಸಣ್ಣು ಕೈ ಹಿಂದಕ್ಕೆ ಎಳೆದುಕೊಂಡ. ನಿನಗೆಂದು ತಂದದ್ದು, ನಿನ್ನ ಬಯಕೆಯದು, ನಾನು ಮುಟ್ಟುವುದಿಲ್ಲ ಎಂದ.

"ನಂಗೆ ಕೊಟ್ಟಾತಲ್ಲ, ಈಗ ಅದು ನಂದು" ಎಂದಳು ಸೋಮಿ. "ಇಲ್ಲೂ ಗಾಳಿ ಅದೆ. ನೀ ನನ್ ಗಾಳಿ ಕೆಳಗೆ ಕೂತಿದ್ದೆ. ಉಣ್ಣು."

ಸಣ್ಣು ಉಂಡ. ಕಣ್ಣೀರು ಎಲೆಯ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವಳೂ ಅಳುತ್ತಲೇ ಉಂಡಳು, ಮುಳ್ಳು ನೋಡಿ ತಿನ್ನು ಎಂದು ಅಪ್ಪನಿಗೆ ಗದರಿಸಿದಳು.

ನಾನು ಅವರ ಕಡೆ ನೋಡಬಾರದೆಂದು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದೆ. ಎಲ್ಲೋ ಹಾರ್ನ್ ಕೇಳಿಸಿತು. ಬಿಗಿದ ದಾರದ ಗುಂಯ್ ಸದ್ದು ಕೇಳಿಸಿತು. ಏರಿ ಮತ್ತೆ ಹೊರಟಿತು, ಅಪ್ಪ ಪಕ್ಕದಲ್ಲಿದ್ದರು. ಈ ಸಲ ಯಾರೂ ಕೆಮ್ಮಲಿಲ್ಲ.

ಎಚ್ಚರವಾದಾಗ ಹೊತ್ತು ಇಳಿದಿತ್ತು. ಮುಖದ ಮೇಲೆ ಯಾರೋ ನನ್ನ ಕೊಡೆ ಬಿಚ್ಚಿಟ್ಟಿದ್ದರು, ಹರಿದ ಜಾಗಕ್ಕೆ ಕರಿ ದಾರದ ಹೊಲಿಗೆ ಬಿದ್ದಿತ್ತು. ಟ್ರಂಕು ಪಕ್ಕದಲ್ಲಿತ್ತು. ಮೋಟಾರು ಹೋಗಿ ಎಷ್ಟೋ ಹೊತ್ತಾಗಿತ್ತು. ಮೂರು ಸಲ ಹಾರ್ನ್ ಹೊಡೆದನಂತೆ, ಎಬ್ಬಿಸಲು ಹೋದರೆ ಸೋಮಿ ಬಿಡಲಿಲ್ಲವಂತೆ. ಸಣ್ಣು ಅಂಗಳದಲ್ಲಿ ಕೂತು ಅಳಿಯನ ಜೊತೆ ಬೇಲಿಯ ಬಿದಿರು ಸೀಳುತ್ತಿದ್ದ. ನೀನು ಊರಿಗೆ ವಾಪಸು ಹೊರಡಲಿಲ್ಲವೇ ಎಂದೆ.

"ಕೂಸು ನಾಕು ದಿನ ಇರು ಅಂತು ರಾಯ್ರೆ" ಎಂದ. "ಮಳೆ ಬಂದ್ರೆ ಆಮೇಲೆ ನಡ್ಕಂಡು ಹೋಗ್ತೆ."